ನಾಲೆ ನೀರು ಬಾರದ ಊರು ಮತ್ತು ಫಾರಿನ್ ಡಿಗ್ರಿ

ನಾನು ಎನ್‌ಜಿಒ ಕೆಲಸದಲ್ಲಿರೋದ್ರಿಂದ ಆಗಾಗ ಒಂದು ಮೆಸೇಜ್ ಬರ್ತಾನೇ ಇರುತ್ತೆ: ‘ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಮಾಸ್ಟರ್ಸ್‌ಗೆ ಯಾವ ಯೂನಿವರ್ಸಿಟಿ ಬೆಸ್ಟ್?’ ಬಡತನ, ಕೃಷಿ, ಆರೋಗ್ಯ, ನೀರು ಇಂಥ ವಿಷಯಗಳಲ್ಲಿ ವಿಶ್ವಸಂಸ್ಥೆ, ದೊಡ್ಡ ದೊಡ್ಡ ಸಂಸ್ಥೆಗಳ ಜೊತೆ ಕೆಲಸ ಮಾಡೋಕೆ ತಯಾರು ಮಾಡೋ ಕೋರ್ಸ್ ಅದು. ಈ ಸಲ ಕೇಳಿದವಳು ಮಳವಳ್ಳಿ ಕಡೆಯ ಹುಡುಗಿ. ಡಿಗ್ರಿ ಈಗಷ್ಟೇ ಮುಗಿದಿದೆ. ಅಪ್ಪ ಇರೋ ಒಂದೆಕರೆ ಗದ್ದೆ ಅಡವಿಟ್ಟು ಇಂಗ್ಲೆಂಡಿಗೆ ಕಳಿಸೋಕೆ ರೆಡಿ ಇದ್ದಾರಂತೆ.

ಗದ್ದೆ ಮುಟ್ಟಬೇಡ ಅಂದೆ. ಯಾಕೆ ಅಂತ ಹೇಳೋಕೆ ಒಂದು ಹಳೇ ಕಥೆ ಬೇಕು.

ಸ್ಕಾರ್ಲೆಟ್ ಎಪ್‌ಸ್ಟೀನ್ ಅಂತ ಒಬ್ಬರಿದ್ದರು. ವಿಯೆನ್ನಾದ ಯಹೂದಿ ಕುಟುಂಬದವರು, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರ್‌ನಲ್ಲಿ ಸಂಶೋಧನೆ ಮಾಡ್ತಿದ್ದಾಗ, 1954ರಲ್ಲಿ ಮಂಡ್ಯಕ್ಕೆ ಬಂದರು. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಸಕ್ಕರೆ ಕಾರ್ಖಾನೆ ಎಲ್ಲ ಬಂದು ಇಪ್ಪತ್ತು ವರ್ಷ ಆಗಿತ್ತು. ಅವರು ಎರಡು ಹಳ್ಳಿ ಆರಿಸಿಕೊಂಡರು: ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಎತ್ತರದಲ್ಲಿ ಇದ್ದುದರಿಂದ ಬಂದಿರಲಿಲ್ಲ. ನಿಜವಾದ ಹೆಸರು ಮುಚ್ಚಿಟ್ಟು ವಂಗಲ, ದಲೇನ ಅಂತ ಕರೆದರು. ಸುಮಾರು ಎರಡು ವರ್ಷ ಇಲ್ಲೇ ಉಳಿದು ಮನೆ ಮನೆಯ ಖರ್ಚು, ಸಾಲ, ಕೂಲಿ, ಮದುವೆ ಲೆಕ್ಕ ಬರೆದುಕೊಂಡರು.

ಸಿಕ್ಕಿದ ಉತ್ತರ ಮಜವಾಗಿದೆ. ನೀರು ಬಂದ ಊರಲ್ಲಿ ದುಡ್ಡು ಬಂತು, ಆದರೆ ಒಕ್ಕಲು, ಆಳು, ಜಾತಿ ಸಂಬಂಧ ಹೆಚ್ಚುಕಮ್ಮಿ ಹಾಗೇ ಉಳೀತು. ಬೇಸಾಯದಲ್ಲೇ ಲಾಭ ಇರುವಾಗ ಯಾರು ಬದಲಾಗ್ತಾರೆ ಹೇಳಿ? ನೀರು ಬಾರದ ಊರಿನವರು ಗಾಡಿ ಹೂಡಿ ಕಬ್ಬು ಸಾಗಿಸಿದರು, ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಅಕ್ಕಪಕ್ಕದ ಊರಲ್ಲಿ ಜಮೀನು ಕೊಂಡರು. ಹಳೇ ಕಟ್ಟುಪಾಡು ಸಡಿಲಾಗಿದ್ದು ಅಲ್ಲೇ! 1962ರಲ್ಲಿ ಇದು ಪುಸ್ತಕವಾಯ್ತು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದರು. 1998ರ ಪುಸ್ತಕದಲ್ಲಿ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಸಹಲೇಖಕರು.

ಮಳವಳ್ಳಿ, ಮದ್ದೂರಿನ ಕಡೇಭಾಗದ ರೈತರು ನಾಲೆ ನೀರು ತಲುಪಲಿಲ್ಲ ಅಂತ ಇವತ್ತಿಗೂ ರಸ್ತೆಗೆ ಇಳೀತಾರೆ. ಈ ಹುಡುಗಿ ಬೆಳೆದಿದ್ದೇ ಆ ಪ್ರಶ್ನೆಯ ನಡುವೆ. ಎಪ್‌ಸ್ಟೀನ್ ಕಷ್ಟಪಟ್ಟು ಕಲಿತ ಭಾಷೆ, ಯಾರ ಮನೆ ಜಗಲಿಯಲ್ಲಿ ಕೂತು ಏನು ಕೇಳಬೇಕು ಅನ್ನೋ ತಿಳಿವಳಿಕೆ, ಇವಳಿಗೆ ಹುಟ್ಟಿನಿಂದ ಬಂದಿದೆ. ಅದನ್ನು ಲೆಕ್ಕ, ವರದಿ, ಬಜೆಟ್ ಮಾಡೋ ಕೆಲಸವಾಗಿ ಪಳಗಿಸಬೇಕು ಅಷ್ಟೇ. ಎರಡು ವರ್ಷ ಯಾವುದಾದರೂ ಸಂಸ್ಥೆಯಲ್ಲಿ, ಸ್ವಸಹಾಯ ಸಂಘಗಳ ಜೊತೆ ಸುತ್ತಿದರೆ ಪಳಗುತ್ತೆ. ಸಂಬಳ ಕಮ್ಮಿ, ಬಿಸಿಲು ಜಾಸ್ತಿ, ಅದೂ ನಿಜ.

ಗದ್ದೆ ಅಡವಿಡೋಕೆ ಇದು ಕಾಲವೂ ಅಲ್ಲ. ಅಮೆರಿಕದ ಯುಎಸ್‌ಏಡ್ 2025ರಲ್ಲಿ ಬಾಗಿಲು ಮುಚ್ಚಿತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ಕ್ಕೆ ಶೇ 0.3ಕ್ಕೆ ಇಳಿಸ್ತೀನಿ ಅಂದಿದೆ. ಕೆಲಸ ಕಳಕೊಂಡ ಹತ್ತು ವರ್ಷ ಅನುಭವದವರೂ ಈಗ ಅದೇ ಹುದ್ದೆಗಳಿಗೆ ಅರ್ಜಿ ಹಾಕ್ತಿದ್ದಾರೆ. ವಿಶ್ವಸಂಸ್ಥೆಯ ಪಿ-2 ಹುದ್ದೆಗೂ ಮಾಸ್ಟರ್ಸ್ ಜೊತೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳ್ತಾರೆ. ಜೂನಿಯರ್ ಪ್ರೊಫೆಷನಲ್ ಆಫೀಸರ್ ಹುದ್ದೆಗಳ ಖರ್ಚು ಕೊಡೋದು ಶ್ರೀಮಂತ ದೇಶಗಳು, ಹಾಗಾಗಿ ಹೆಚ್ಚಾಗಿ ತಮ್ಮವರನ್ನೇ ಕಳಿಸ್ತಾರೆ. ಬರೀ ಡಿಗ್ರಿ ಹಿಡಿದು ಸಾಲದ ಕಂತು ಹೇಗೆ ಕಟ್ಟೋದು?

ಓದಲೇಬೇಕು ಅಂದ್ರೆ ದಾರಿ ಇಲ್ಲ ಅಂತಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಡೆವಲಪ್‌ಮೆಂಟ್ ಎಂಎ ಇದೆ, ಮನೆಯ ಆದಾಯ ನೋಡಿ ಫೀಸ್ ಕಮ್ಮಿ ಮಾಡ್ತಾರೆ. ಮುಂಬೈನ ಟಿಸ್ ಇದೆ. ಪರಿಶಿಷ್ಟ ಜಾತಿಯವರಿಗೆ, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಬ್ರಿಟನ್ನಿಗೇ ಹೋಗ್ಬೇಕಾ? ಚೀವ್ನಿಂಗ್ ಸ್ಕಾಲರ್‌ಶಿಪ್ ಪೂರ್ತಿ ಖರ್ಚು ಕೊಡುತ್ತೆ, ಆದರೆ 2,800 ಗಂಟೆ ಕೆಲಸದ ಅನುಭವ ಕೇಳುತ್ತೆ, ಅಂದರೆ ಹತ್ತಿರ ಹತ್ತಿರ ಎರಡು ವರ್ಷ.

ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತೆ. ಎರಡು ವರ್ಷ ಬಿಟ್ಟು ಬರೋ ಆಗಸ್ಟ್‌ಗೆ ಹಾಕ್ತೀನಿ ಅಂತ ಅವಳು ಬರೆದಿದ್ದಾಳೆ. ಅಪ್ಪನಿಗೆ ಇನ್ನೂ ಸಮಾಧಾನ ಆಗಿಲ್ಲವಂತೆ.