ದೀಪ ಆರಿಸಿದರೆ ಹೊಗೆ ಆರೀತೇ?

ಕಾರಿನ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿದೊಡನೆ ಸ್ಕ್ಯಾನರ್ ಜೋಡಿಸಿ ಅದನ್ನು ಆರಿಸಿಬಿಡುವುದನ್ನು ದುರಸ್ತಿಯೆನ್ನಲಾಗದು, ಅದು ವಂಚನೆ. 1976ರಲ್ಲಿ ವೋಲ್ವೊ ಕಾರಿನೊಂದಿಗೆ ಬಳಕೆಗೆ ಬಂದ ಆಕ್ಸಿಜನ್ ಸೆನ್ಸರ್ ಹೊಗೆಕೊಳವೆಯ ಕಾವಲುಗಾರ. 1 ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿಯೆಂಬ ಹದ ಉಳಿಯುವುದು ಅದರ ಸುಳಿವಿನಿಂದ. ಅದು ಕೆಟ್ಟರೆ ಇಂಧನ ಪೋಲಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ, ಕೊನೆಗೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಕುತ್ತು ಬರುತ್ತದೆ.

ಹಾಗೆಂದು ಪರೀಕ್ಷಿಸದೆ ಹೊಸ ಸೆನ್ಸರ್ ಮಾರುವುದೂ ಅನ್ಯಾಯವೇ. ಸ್ಕ್ಯಾನರಿನ ಸಂಕೇತ ಬರಿಯ ದೂರು. ವಿಚಾರಣೆ ಇನ್ನೂ ಬಾಕಿಯಿದೆ. ಇಲಿ ಕಡಿದ ತಂತಿ, ಸುಟ್ಟ ಫ್ಯೂಸು, ಬಿರುಕುಬಿಟ್ಟ ಹೊಗೆಕೊಳವೆಗಳೂ ಅದೇ ದೀಪವನ್ನು ಹೊತ್ತಿಸಬಲ್ಲವು. ಎಂಜಿನ್ ಬಿಸಿಯಾದಾಗ, ಕನ್ವರ್ಟರಿಗಿಂತ ಮೊದಲಿರುವ ಜಿರ್ಕೋನಿಯಾ ಸೆನ್ಸರಿನ ವೋಲ್ಟೇಜು ಸುಮಾರು 0.1ರಿಂದ 0.9ರ ನಡುವೆ ಬೇಗಬೇಗನೆ ಏರಿಳಿಯಬೇಕು. ಏರಿಳಿಯದಿದ್ದರೆ ತಂತಿ, ಕೊಳವೆಗಳನ್ನು ಪರಿಶೀಲಿಸಿ, ಅವು ಸರಿಯಿದ್ದರಷ್ಟೇ ಸೆನ್ಸರ್ ಬದಲಿಸಬೇಕು. ಹೊಸದರ ತುದಿಗೆ ಗ್ರೀಸು ತಾಗಬಾರದು.

ಕಾಡು ಉಳಿಸಿರೆಂದು ಸಾರಲು ಘಾಟಿಯೇರುವ ಕಾರುಗಳಲ್ಲೂ ಈ ದೀಪ ಉರಿಯುತ್ತಿರಬಹುದು. ಅವುಗಳ ಹೊಗೆ ರಸ್ತೆಬದಿಯ ಶಾಲೆಯ ಮಕ್ಕಳ ಉಸಿರು ಸೇರುತ್ತದೆ. ಮಾಲೀಕರು ಗ್ಯಾರೇಜಿನಲ್ಲಿ ‘ದೀಪ ಆರಿಸಿ’ ಎನ್ನುವುದನ್ನು ಬಿಟ್ಟು ‘ಕಾರಣ ತೋರಿಸಿ’ ಎಂದು ಕೇಳಲಿ. ಪರಿಸರ ಕಾಳಜಿ ಅಲ್ಲಿಂದಲೇ ಆರಂಭವಾಗಲಿ.