ದುಬಾರಿ ವ್ಯಾಕ್ಯೂಮ್ ಕ್ಲೀನರ್ ಕೊಂಡರೆ ಮಗುವಿನ ಉಬ್ಬಸ ಹೋಗುತ್ತದೆಯೇ?

ಮೈಸೂರಿನ ಅಶೋಕಪುರಂನಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ಆ ಮನೆಯ ಏಳು ವರ್ಷದ ಹುಡುಗನಿಗೆ ಉಬ್ಬಸ. ಕೆಲವು ತಿಂಗಳ ಹಿಂದೆ ಅವರ ಮನೆಗೆ ಒಬ್ಬ ಮಾರಾಟಗಾರ ಬಂದ. ನೆಟ್ಟಗೆ ನಿಲ್ಲುವ, ಹಿಡಿ ಹಿಡಿದು ತಳ್ಳಿಕೊಂಡು ಹೋಗುವ ದುಬಾರಿ ವ್ಯಾಕ್ಯೂಮ್ ಕ್ಲೀನರ್ ತಂದಿದ್ದ. ಯಂತ್ರದ ಬಾಯಿಗೆ ಕಪ್ಪು ಬಟ್ಟೆಯ ತುಂಡು ಸಿಕ್ಕಿಸಿ ಹುಡುಗನ ಹಾಸಿಗೆಯ ಮೇಲೆ ಹತ್ತು ಸೆಕೆಂಡು ಆಡಿಸಿದ. ಬಟ್ಟೆಯ ಮೇಲೆ ಬೂದು ಬಣ್ಣದ ಪುಡಿ ಕೂತಿತ್ತು. "ನೋಡಿ ಅಕ್ಕಾ, ನಿಮ್ಮ ಮಗ ದಿನಾ ರಾತ್ರಿ ಉಸಿರಾಡ್ತಿರೋದು ಇದನ್ನೇ" ಎಂದ. ತಾಯಿಯ ಕರುಳು ಚುರ್ ಎಂದಿತು. ಯಂತ್ರವನ್ನು ಕಂತಿನ ಮೇಲೆ ಕೊಂಡರು.

ಅದೇ ವಾರ ಅವರ ವಾಟ್ಸಾಪ್‌ಗೆ ಒಂದು ಫಾರ್ವರ್ಡ್ ಕೂಡ ಬಂತು. ಹಾಸಿಗೆಯಲ್ಲಿ ಲಕ್ಷಾಂತರ ಹುಳಗಳಿವೆ, ಅವೇ ಅಸ್ತಮಾಕ್ಕೆ ಮೂಲ, ಒಳ್ಳೆಯ ವ್ಯಾಕ್ಯೂಮ್ ಇದ್ದರೆ ಔಷಧಿಯೇ ಬೇಡ ಎಂಬ ಧಾಟಿಯದು. ಆಮೇಲೆ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಈಗ ಮಿಷನ್ ಬಂತಲ್ಲ, ಇನ್‌ಹೇಲರ್ ನಿಲ್ಲಿಸಬಹುದಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ನಿಲ್ಲಿಸಬಾರದು. ವ್ಯಾಕ್ಯೂಮ್ ಕ್ಲೀನರ್ ಧೂಳನ್ನು ತೆಗೆಯುತ್ತದೆ, ಕಾಯಿಲೆಯನ್ನಲ್ಲ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಈ ಯಂತ್ರ ಹುಟ್ಟಿದ್ದು ಯಾವ ನೆಲಕ್ಕಾಗಿ?

ಈ ಯಂತ್ರದ ಕಥೆ ಶುರುವಾಗುವುದೂ ಒಬ್ಬ ಉಬ್ಬಸದ ರೋಗಿಯಿಂದಲೇ. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮುರ್ರೆ ಸ್ಪ್ಯಾಂಗ್ಲರ್ ಎಂಬಾತ ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದರು. ಕಾರ್ಪೆಟ್ ಗುಡಿಸುವಾಗ ಏಳುವ ಧೂಳಿನಿಂದಲೇ ತಮಗೆ ಉಸಿರುಕಟ್ಟುತ್ತಿದೆ ಎಂದು ಅವರಿಗೆ ಅನ್ನಿಸಿತು. ಫ್ಯಾನಿನ ಮೋಟರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಒಂದು ಯಂತ್ರ ಕಟ್ಟಿದರು. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಪೇಟೆಂಟನ್ನು ಕೊಂಡವರು ಹೂವರ್ ಕುಟುಂಬದವರು. ಮುಂದೆ ಆ ಹೆಸರೇ ಇಂಗ್ಲೆಂಡಿನಲ್ಲಿ ವ್ಯಾಕ್ಯೂಮ್ ಕ್ಲೀನರಿಗೆ ಪರ್ಯಾಯ ಪದವಾಯಿತು.

ಇಲ್ಲಿ ಗಮನಿಸಬೇಕಾದ ಪದ 'ಕಾರ್ಪೆಟ್'. ನೆಟ್ಟಗೆ ನಿಲ್ಲುವ ವ್ಯಾಕ್ಯೂಮ್‌ನ ತಳದಲ್ಲಿ ವೇಗವಾಗಿ ತಿರುಗುವ ಒಂದು ಬ್ರಷ್ ಉರುಳೆ ಇರುತ್ತದೆ. ಕಾರ್ಪೆಟ್ಟಿನ ನೂಲಿನ ನಡುವೆ ಕೂತ ಮಣ್ಣನ್ನು ಅದು ಬಡಿದು ಎಬ್ಬಿಸುತ್ತದೆ, ಗಾಳಿ ಎಳೆದುಕೊಳ್ಳುತ್ತದೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳಿಗೆ ಇದು ವರವೇ ಸರಿ.

ನಮ್ಮ ಮನೆಗಳ ನೆಲ ಹೇಗಿದೆ? ಹಳೆಯ ಮನೆಯಾದರೆ ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್, ಹೊಸದಾದರೆ ಟೈಲ್ಸ್ ಅಥವಾ ಗ್ರಾನೈಟ್. ಇಂಥ ನೆಲದಲ್ಲಿ ಧೂಳು ಮೇಲೆಯೇ ಕೂತಿರುತ್ತದೆ, ಬಡಿದು ಎಬ್ಬಿಸುವ ಕೆಲಸವೇ ಇಲ್ಲ. ಎಷ್ಟೋ ಸಲ ಆ ಉರುಳೆ ಅಕ್ಕಿಕಾಳು, ಮರಳಿನ ಕಣಗಳನ್ನು ಆಚೀಚೆ ಚಿಮ್ಮಿಸುತ್ತದೆ. ಅದಕ್ಕೇ ಹಲವು ಯಂತ್ರಗಳಲ್ಲಿ ಉರುಳೆಯನ್ನು ನಿಲ್ಲಿಸುವ ಸ್ವಿಚ್ ಕೊಟ್ಟಿರುತ್ತಾರೆ. ಅಂದರೆ ಯಾವ ಭಾಗಕ್ಕಾಗಿ ನೀವು ಹೆಚ್ಚು ದುಡ್ಡು ಕೊಟ್ಟಿರೋ, ನಿಮ್ಮ ನೆಲದ ಮೇಲೆ ಆ ಭಾಗವನ್ನು ಆಫ್ ಮಾಡಿಯೇ ಬಳಸಬೇಕು!

ಕಪ್ಪು ಬಟ್ಟೆ ಏನನ್ನು ತೋರಿಸುತ್ತದೆ?

ಹಾಸಿಗೆಯಲ್ಲಿ ಧೂಳಿದೆ ಎಂಬುದನ್ನು ತೋರಿಸುತ್ತದೆ, ಅಷ್ಟೇ. ಯಾರ ಮನೆಯ ಹಾಸಿಗೆಯ ಮೇಲೆ ಆಡಿಸಿದರೂ ಪುಡಿ ಬಂದೇ ಬರುತ್ತದೆ. ಹತ್ತಿಯ ಎಳೆ, ಬಟ್ಟೆಯ ನಾರು, ಚರ್ಮದ ಪುಡಿ, ಹೊರಗಿನ ಮಣ್ಣು ಎಲ್ಲವೂ ಅದರಲ್ಲಿರುತ್ತವೆ. ಆ ಪುಡಿಗೆ ನಿಮ್ಮ ಮಗುವಿಗೆ ಅಲರ್ಜಿ ಇದೆಯೇ ಎಂಬುದನ್ನು ಬಟ್ಟೆ ಹೇಳುವುದಿಲ್ಲ. ಅದನ್ನು ವೈದ್ಯರು ಚರ್ಮದ ಪರೀಕ್ಷೆ ಅಥವಾ ರಕ್ತಪರೀಕ್ಷೆಯಿಂದ ಹೇಳಬಲ್ಲರು. ಇನ್ನೊಂದು ಮಾತು: ಅದೇ ಜಾಗದಲ್ಲಿ ಹೊಸ ಬಟ್ಟೆ ಸಿಕ್ಕಿಸಿ ಇನ್ನೊಮ್ಮೆ ಆಡಿಸಲು ಹೇಳಿ. ಮತ್ತೆ ಪುಡಿ ಬಂದರೆ ಅಚ್ಚರಿಪಡಬೇಡಿ. ಒಂದು ಸಲಕ್ಕೆ ಎಲ್ಲ ಧೂಳೂ ಹೋಗುವುದಿಲ್ಲ ಎಂದು ಆಗ ಕಣ್ಣಾರೆ ಕಾಣುತ್ತದೆ.

ಫಾರ್ವರ್ಡ್‌ಗಳಲ್ಲಿ ತಿರುಗುವ ನಾಲ್ಕು ಮಾತುಗಳು

1. "ಮನೆಯ ಧೂಳಿನಲ್ಲಿ ಮುಕ್ಕಾಲು ಪಾಲು ಮನುಷ್ಯರ ಚರ್ಮ." ಇದಕ್ಕೆ ಆಧಾರವಿಲ್ಲ. ಚರ್ಮದ ಪುಡಿ ಧೂಳಿನ ಒಂದು ಭಾಗ, ನಿಜ. ಆದರೆ ಚಪ್ಪಲಿಗೆ ಅಂಟಿ ಬರುವ ಮಣ್ಣು, ಕಿಟಕಿಯಿಂದ ಬರುವ ರಸ್ತೆಯ ಧೂಳು, ಬಟ್ಟೆಯ ನಾರು, ಕೂದಲು, ಅಡುಗೆ ಹೊಗೆಯ ಮಸಿ, ಜಿರಳೆಯಂಥ ಕೀಟಗಳ ಚೂರುಗಳು ಎಲ್ಲವೂ ಸೇರಿಯೇ ಧೂಳು. ಪ್ರಮಾಣ ಮನೆಯಿಂದ ಮನೆಗೆ ಬದಲಾಗುತ್ತದೆ. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದಿತ್ತು. ಆದರೂ ಬಾಗಿಲು ತೆರೆದಿಟ್ಟ ಮನೆಗೆ ಬೀದಿಯ ಧೂಳು ಬಾರದೇ ಇರುವುದಿಲ್ಲ.

2. "ಹತ್ತು ವರ್ಷದಲ್ಲಿ ಹುಳಗಳಿಂದ ಹಾಸಿಗೆಯ ತೂಕ ಎರಡರಷ್ಟಾಗುತ್ತದೆ." ಇದು ಹಳೆಯ ಕಟ್ಟುಕಥೆ. ಧೂಳುಹುಳ ಇರುವುದು ನಿಜ. ಅದರ ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲ. ನಮ್ಮ ಚರ್ಮದ ಪುಡಿ ತಿಂದು, ಗಾಳಿಯ ತೇವ ಹೀರಿ ಬದುಕುತ್ತದೆ. ಅದು ಕಚ್ಚುವುದಿಲ್ಲ. ಅಲರ್ಜಿ ಇರುವವರಿಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಆದರೆ ಹಾಸಿಗೆಯ ತೂಕ ಏರಿಸುವಷ್ಟು ಹುಳಗಳು ಯಾರ ಮನೆಯಲ್ಲೂ ಇಲ್ಲ.

3. "ಹೆಪಾ ಫಿಲ್ಟರ್ 0.3 ಮೈಕ್ರಾನಿಗಿಂತ ಸಣ್ಣದನ್ನು ಹಿಡಿಯುವುದಿಲ್ಲ." ಇದು ತಪ್ಪು ತಿಳಿವಳಿಕೆ. ಹಿಡಿಯಲು ಅತ್ಯಂತ ಕಷ್ಟವಾದ ಗಾತ್ರ ಹೆಚ್ಚುಕಡಿಮೆ 0.3 ಮೈಕ್ರಾನ್. ಅದಕ್ಕಾಗಿಯೇ ಆ ಗಾತ್ರದಲ್ಲಿ ಪರೀಕ್ಷೆ ಮಾಡುತ್ತಾರೆ. ಅಮೆರಿಕದ ಮಾನದಂಡದಂತೆ ಆ ಗಾತ್ರದ ಕಣಗಳಲ್ಲಿ ಶೇಕಡಾ 99.97ನ್ನು ಫಿಲ್ಟರ್ ಹಿಡಿಯಬೇಕು. ಅದಕ್ಕಿಂತ ಸಣ್ಣ ಕಣಗಳು ಗಾಳಿಯಲ್ಲಿ ಅಡ್ಡಾದಿಡ್ಡಿ ಅಲೆದಾಡುತ್ತಾ ನಾರಿಗೆ ತಾಗಿ ಅಂಟಿಕೊಳ್ಳುತ್ತವೆ. ನಿಜವಾದ ಸಮಸ್ಯೆ ಬೇರೆಡೆ ಇದೆ. ಫಿಲ್ಟರ್ ಚೆನ್ನಾಗಿದ್ದು ಯಂತ್ರದ ಮೈಯ ಸಂದಿಗಳಲ್ಲಿ ಗಾಳಿ ಸೋರಿದರೆ, ಸಣ್ಣ ಧೂಳು ಫಿಲ್ಟರನ್ನು ಮುಟ್ಟದೆಯೇ ಕೋಣೆಗೆ ವಾಪಸ್ ಬರುತ್ತದೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದದ್ದು 'ಹೆಪಾ ಇದೆಯಾ' ಎಂದು ಮಾತ್ರವಲ್ಲ, 'ಯಂತ್ರ ಪೂರ್ತಿ ಸೋರದಂತೆ ಸೀಲ್ ಆಗಿದೆಯಾ' ಎಂದು ಕೂಡ.

4. "ವ್ಯಾಟ್ ಹೆಚ್ಚಿದ್ದಷ್ಟೂ ಎಳೆತ ಹೆಚ್ಚು." ವ್ಯಾಟ್ ಹೇಳುವುದು ಯಂತ್ರ ಎಷ್ಟು ಕರೆಂಟು ಎಳೆಯುತ್ತದೆ ಎಂಬುದನ್ನು, ಎಷ್ಟು ಧೂಳು ಎಳೆಯುತ್ತದೆ ಎಂಬುದನ್ನಲ್ಲ. ಯುರೋಪಿನಲ್ಲಿ 2014ರಿಂದ 1600 ವ್ಯಾಟ್, 2017ರಿಂದ 900 ವ್ಯಾಟ್ ಎಂದು ಮಿತಿ ಹಾಕಿದರು. ಅಲ್ಲಿನ ಮನೆಗಳೇನೂ ಅದರಿಂದ ಕೊಳೆಯಾಗಲಿಲ್ಲ. ಬಾಯಿಯ ವಿನ್ಯಾಸ, ಸೋರದ ಕೊಳವೆ, ಕಟ್ಟಿಕೊಳ್ಳದ ಫಿಲ್ಟರ್ ಇವು ವ್ಯಾಟಿನಷ್ಟೇ ಮುಖ್ಯ.

ಹಾಗಾದರೆ ಉಬ್ಬಸಕ್ಕೆ ಏನೂ ಪ್ರಯೋಜನವಿಲ್ಲವೇ?

ಧೂಳು ಕಡಿಮೆಯಾದರೆ ಉಬ್ಬಸವೂ ಕಡಿಮೆಯಾಗಬೇಕಲ್ಲವೇ ಎಂದು ನಮಗೂ ಅನ್ನಿಸುತ್ತದೆ. ಆದರೆ ಪರೀಕ್ಷಿಸಿ ನೋಡಿದಾಗ ಲೆಕ್ಕ ಅಷ್ಟು ಸಲೀಸಾಗಿ ಬರಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ 2008ರಲ್ಲಿ ಧೂಳುಹುಳ ತಡೆಯುವ ವಿಧಾನಗಳ ಬಗ್ಗೆ 54 ಪ್ರಯೋಗಗಳನ್ನು ಪರಿಶೀಲಿಸಿತು. ಆ ವಿಧಾನಗಳಿಂದ ಅಸ್ತಮಾ ರೋಗಿಗಳಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಮಾತ್ರ, ಧೂಳುಹುಳದ ಅಲರ್ಜಿ ಇರುವ ಮಕ್ಕಳ ಹಾಸಿಗೆ, ದಿಂಬಿಗೆ ಹುಳ ದಾಟದಂಥ ಕವರ್ ಹಾಕಿದಾಗ ಉಬ್ಬಸ ಜೋರಾಗಿ ಆಸ್ಪತ್ರೆಗೆ ಓಡುವ ಪ್ರಸಂಗ ಕಡಿಮೆಯಾಯಿತು. ಗಮನಿಸಿ, ಅಲ್ಲಿ ಪರೀಕ್ಷಿಸಿದ್ದು ಕವರ್, ವ್ಯಾಕ್ಯೂಮ್ ಅಲ್ಲ.

ಕಾರಣ ಸರಳ. ಜೀವಂತ ಹುಳಗಳು ಹಾಸಿಗೆಯ ಒಳಗೆ ನಾರು ಹಿಡಿದು ಕೂತಿರುತ್ತವೆ. ವ್ಯಾಕ್ಯೂಮ್ ಮೇಲಿನ ಪುಡಿಯನ್ನು ಎಳೆಯುತ್ತದೆ, ಆಳಕ್ಕೆ ಹೋಗುವುದಿಲ್ಲ. ಜೊತೆಗೆ ಉಬ್ಬಸವನ್ನು ಕೆರಳಿಸುವುದು ಧೂಳುಹುಳವೊಂದೇ ಅಲ್ಲ. ನೆಗಡಿ, ಬೀಡಿ ಸಿಗರೇಟಿನ ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ, ಜಿರಳೆ, ಹೂವಿನ ಪರಾಗ, ಚಳಿಗಾಳಿ ಎಲ್ಲವೂ ಇವೆ. ನೆಲ ಉಜ್ಜುವ ಯಂತ್ರಕ್ಕೆ ಹೊಗೆಯನ್ನು ಹಿಡಿಯಲು ಬರುವುದಿಲ್ಲ.

ಇನ್‌ಹೇಲರ್ ಕೆಲಸವೇ ಬೇರೆ. ಉಬ್ಬಸದಲ್ಲಿ ಶ್ವಾಸನಾಳದ ಒಳಗೋಡೆ ಊದಿಕೊಂಡಿರುತ್ತದೆ. ವೈದ್ಯರು ದಿನಾ ತೆಗೆದುಕೊಳ್ಳಲು ಹೇಳುವ ಇನ್‌ಹೇಲರ್ ಆ ಊತವನ್ನು ಹತೋಟಿಯಲ್ಲಿಡುತ್ತದೆ. ಅದು ಚಟವಾಗುವುದಿಲ್ಲ. ಮಗು ಚೆನ್ನಾಗಿದೆ ಎಂದು ನಾವಾಗಿಯೇ ನಿಲ್ಲಿಸಿದರೆ ಊತ ಸದ್ದಿಲ್ಲದೆ ಮರಳುತ್ತದೆ, ಒಂದು ರಾತ್ರಿ ಉಸಿರೇ ಸಿಗದಂತಾಗಬಹುದು. ನಿಲ್ಲಿಸುವ, ಕಡಿಮೆ ಮಾಡುವ ತೀರ್ಮಾನ ವೈದ್ಯರದು. ಯಂತ್ರ ಮಾರುವವರದ್ದೂ ಅಲ್ಲ, ಫಾರ್ವರ್ಡ್ ಕಳಿಸುವವರದ್ದೂ ಅಲ್ಲ.

ಮನೆಗೆ ಬಂದಾಗಿದೆ, ಈಗ ಬಳಸುವುದು ಹೇಗೆ?

ಕೊಂಡ ಯಂತ್ರ ದಂಡವೇನಲ್ಲ. ಒಣ ಪೊರಕೆಯಲ್ಲಿ ಗುಡಿಸಿದಾಗ ಧೂಳು ಏಳುವಷ್ಟು ಒಳ್ಳೆಯ ವ್ಯಾಕ್ಯೂಮ್ ಬಳಸಿದಾಗ ಏಳುವುದಿಲ್ಲ. ಸೋಫಾ, ಪರದೆ, ಕಿಟಕಿಯ ಮೆಶ್, ಮಂಚದ ಕೆಳಗಿನ ಮೂಲೆ, ಜಮಖಾನ ಇವುಗಳಿಗೆ ಅದು ಒಳ್ಳೆಯ ಸಾಧನ. ಬೆನ್ನು ಬಗ್ಗಿಸಲಾಗದ ಹಿರಿಯರಿಗಂತೂ ದೊಡ್ಡ ಅನುಕೂಲ. ಕೆಲವು ಎಚ್ಚರಿಕೆಗಳು ಮಾತ್ರ ಬೇಕು.

ವ್ಯಾಕ್ಯೂಮ್ ಮಾಡುವಾಗಲೂ ಸ್ವಲ್ಪ ಧೂಳು ಏಳುತ್ತದೆ. ಉಬ್ಬಸ ಇರುವವರು ಆ ಹೊತ್ತು ಮತ್ತು ಆಮೇಲೆ ಅರ್ಧ ಗಂಟೆಯಾದರೂ ಆ ಕೋಣೆಯಿಂದ ಹೊರಗಿರಲಿ. ಧೂಳಿನ ಡಬ್ಬಿಯನ್ನು ಮನೆಯ ಹೊರಗೆ ಖಾಲಿ ಮಾಡಿ, ಆ ಕೆಲಸ ಮಗುವಿಗೆ ಬೇಡ. ರಂಗೋಲಿ ಪುಡಿ, ವಿಭೂತಿಯಂಥ ನುಣ್ಣನೆ ಪುಡಿ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಕೆಂಡ ಆರದ ಧೂಪದ ಬೂದಿಯನ್ನು ಎಳೆದರೆ ಒಳಗೇ ಬೆಂಕಿ ಹತ್ತಬಹುದು. ಒದ್ದೆ ನೆಲಕ್ಕೆಂದೇ ಮಾಡಿರದ ಯಂತ್ರವನ್ನು ನೀರಿನ ಮೇಲೆ ಓಡಿಸಬೇಡಿ. ಉರುಳೆಗೆ ಸುತ್ತಿಕೊಂಡ ಕೂದಲು, ಹೂ ಕಟ್ಟಿದ ದಾರವನ್ನು ಪ್ಲಗ್ ಕಿತ್ತ ಮೇಲೆ ಕತ್ತರಿಸಿ ತೆಗೆಯಿರಿ. ತೊಳೆಯಬಹುದಾದ ಫಿಲ್ಟರ್ ಆಗಿದ್ದರೆ ಪೂರ್ತಿ ಒಣಗಿದ ಮೇಲೆಯೇ ಹಾಕಿ. ಮಳೆಗಾಲದಲ್ಲಿ ಒದ್ದೆ ಫಿಲ್ಟರ್ ಬೂಷ್ಟು ಹಿಡಿಯುತ್ತದೆ, ಅದೂ ಉಬ್ಬಸಕ್ಕೆ ಕೆಟ್ಟದ್ದೇ.

ಕರೆಂಟಿನ ಬಿಲ್ಲಿಗೆ ಹೆದರಬೇಕಿಲ್ಲ. 1400 ವ್ಯಾಟ್ ಯಂತ್ರವನ್ನು ದಿನಾ 20 ನಿಮಿಷ ಓಡಿಸಿದರೂ ತಿಂಗಳಿಗೆ ಸುಮಾರು 14 ಯೂನಿಟ್. ಇನ್ನು ಅಮೆರಿಕದಲ್ಲಿರುವ ನೆಂಟರು ಹಳೆಯ ಯಂತ್ರ ಕಳಿಸುತ್ತೇವೆ ಎಂದರೆ ಮೊದಲು ಅದರ ಹಿಂದಿನ ಚೀಟಿ ಓದಲು ಹೇಳಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಪ್ಲಗ್ಗಿನ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ, ನೇರ ಹಾಕಿದರೆ ಮೋಟರು ಸುಟ್ಟುಹೋಗುತ್ತದೆ.

ದುಡ್ಡು ಕಡಿಮೆ ಇದ್ದರೆ ಮೊದಲು ಏನು?

ಮೊದಲು ವೈದ್ಯರು ಮತ್ತು ಔಷಧಿ. ಆಮೇಲೆ ಮಗುವಿನ ಸುತ್ತ ಹೊಗೆ ಬಾರದಂತೆ ನೋಡಿಕೊಳ್ಳುವುದು, ಅದಕ್ಕೆ ಖರ್ಚೇ ಇಲ್ಲ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಮ್ಮ ನೆಲಗಳಿಗೆ ಸಾಕು. ಹಾಸಿಗೆಯ ಬಟ್ಟೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಹುಳ ಸಾಯುತ್ತದೆ. ಹುಳದ ಅಲರ್ಜಿ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾದರೆ ಹಾಸಿಗೆಗೆ ಕವರ್. ಇಷ್ಟಾದ ಮೇಲೂ ದುಡ್ಡು ಉಳಿದರೆ ಯಂತ್ರ.

ಕಾಯಿಲೆ ಗುಣವಾಗುತ್ತದೆ ಎಂದು ಹೇಳಿ ಯಾರಾದರೂ ಯಂತ್ರ ಮಾರಿದರೆ ಆ ಮಾತನ್ನು ಬರೆದುಕೊಡಲು ಕೇಳಿ. ಬರೆದುಕೊಡುವವರು ಸಿಗುವುದು ಕಷ್ಟ. ಸುಳ್ಳು ಹೇಳಿ ಮಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಶೋಕಪುರಂನ ಆ ಹುಡುಗ ಈಗಲೂ ಬೆಳಿಗ್ಗೆ ಸಂಜೆ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದಾನೆ. ಯಂತ್ರವೂ ಮೂಲೆ ಸೇರಿಲ್ಲ, ವಾರಕ್ಕೆ ಎರಡು ಸಲ ಸೋಫಾ ಮತ್ತು ಕಿಟಕಿಗೆ ಬರುತ್ತದೆ. ಕಂತು ಇನ್ನೂ ಬಾಕಿ ಇದೆ. "ಮೊದಲೇ ಯಾರಾದರೂ ಹೇಳಿದ್ದಿದ್ದರೆ" ಎಂದರು ತಾಯಿ. ಮುಂದಿನ ಸಲ ಹಾಸಿಗೆಯ ಹುಳದ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದಾಗ, ಅದರ ಕೆಳಗೆ ಈ ಒಂದು ಸಾಲು ಸೇರಿಸಿ: ಯಂತ್ರ ಇರಲಿ ಬಿಡಲಿ, ವೈದ್ಯರು ಹೇಳದೆ ಇನ್‌ಹೇಲರ್ ನಿಲ್ಲಿಸಬೇಡಿ.