ಮೊದಲ ಸೀಸನ್ ಗೆಲ್ಲಲು ಹೋಗಬೇಡಿ

ಆನ್‌ಲೈನ್ ಬಾಸ್ಕೆಟ್‌ಬಾಲ್ ಮ್ಯಾನೇಜರ್ ಆಟಕ್ಕೆ ಹೊಸದಾಗಿ ಕಾಲಿಟ್ಟವರಿಗೆ ನಾನು ಹೇಳುವುದು ಒಂದೇ ಮಾತು: ಮೊದಲ ಸೀಸನ್ ಗೆಲ್ಲಲು ಹೋಗಬೇಡಿ. ಬೇಕಂತಲೇ ಸೋಲಿ ಅಂತಲೂ ಹೇಳುತ್ತಿಲ್ಲ. ಇವೆರಡರ ನಡುವೆ ಒಂದು ದಾರಿಯಿದೆ. ಅದನ್ನು ಹಿಡಿಯದೆ ಎರಡೇ ತಿಂಗಳಲ್ಲಿ ತಂಡ ಬಿಟ್ಟು ಓಡಿದವರನ್ನು ನಮ್ಮ ಪಿ.ಜಿ.ಯಲ್ಲೇ ಮೂವರನ್ನು ನೋಡಿದ್ದೇನೆ.

ಇದು ಬೆರಳಿನ ಆಟವಲ್ಲ. ಇಲ್ಲಿ ಚೆಂಡು ನಿಮ್ಮ ಕೈಗೆ ಸಿಗುವುದೇ ಇಲ್ಲ. ನೀವು ತಂಡದ ಮ್ಯಾನೇಜರ್ ಅಷ್ಟೇ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರಿಗೆ ಏನು ಕಲಿಸಬೇಕು, ಯಾರು ಎಷ್ಟು ನಿಮಿಷ ಆಡಬೇಕು ಎಂದು ಬರೆದಿಟ್ಟು ಕೈಕಟ್ಟಿ ಕೂರಬೇಕು. ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತದೆ. ಇಂಥ ಆಟಗಳು ಹಲವಿವೆ. ನಾನು ಆಡುವುದು 2007ರಿಂದ ನಡೆದುಕೊಂಡು ಬಂದಿರುವ ಬಝರ್‌ಬೀಟರ್. ವಾರಕ್ಕೆ ಮೂರು ಪಂದ್ಯ, ಹದಿನಾಲ್ಕು ವಾರಕ್ಕೊಂದು ಸೀಸನ್. ದಿನಕ್ಕೆ ಹದಿನೈದು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಕೂತರೂ ಮಾಡಲು ಕೆಲಸವಿರುವುದಿಲ್ಲ.

‘ಆನ್‌ಲೈನ್ ಗೇಮ್’ ಎಂದಕೂಡಲೇ ಮನೆಯಲ್ಲಿ ಹುಬ್ಬು ಮೇಲೇರುತ್ತದೆ. ಊರಿಗೆ ಹೋದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆಯೇ, ‘ಎಷ್ಟ ರೊಕ್ಕ ಕಳದೀ ಅದರಾಗ?’ ಎಂದು. ಅವರನ್ನು ದೂರಲಾರೆ. ಫ್ಯಾಂಟಸಿ ಕ್ರಿಕೆಟ್, ರಮ್ಮಿ ಎಂದು ಸಾಲ ಮಾಡಿಕೊಂಡ ಹುಡುಗರು ಯಾವ ಊರಿನಲ್ಲಿಲ್ಲ? 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದದ್ದು ಸುಮ್ಮನೆ ಅಲ್ಲ. ಆದರೆ ಅಪ್ಪನಿಗೆ ನಾನು ಹೇಳಿದ್ದು, ಇಲ್ಲಿ ಗೆದ್ದರೂ ಒಂದು ರೂಪಾಯಿ ಬರುವುದಿಲ್ಲ, ಸೋತರೂ ಒಂದು ರೂಪಾಯಿ ಹೋಗುವುದಿಲ್ಲ ಎಂದು. ‘ಹಂಗಾರ ಯಾಕ ಆಡ್ತೀ?’ ಎಂದರು. ಅದಕ್ಕೂ ಉತ್ತರವಿದೆ, ಮುಂದೆ ಹೇಳುತ್ತೇನೆ.

ಹೊಸಬರಿಗೆ ಕೊಡುವ ತಂಡ ಹೇಗಿರುತ್ತದೆ ಎಂದರೆ, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೊರಟ ನಮ್ಮ ಕಾಲೇಜು ತಂಡದ ಹಾಗೆ. ಎತ್ತರವಿದ್ದವನಿಗೆ ರೀಬೌಂಡ್ ಬಾರದು, ಓಡುವವನಿಗೆ ಪಾಸ್ ಕೊಡಲು ಬಾರದು. ಕೈಯಲ್ಲಿ ಒಂದಿಷ್ಟು ಆಟದ ಹಣ ಇರುತ್ತದೆ. ಆಗ ಎಲ್ಲರಿಗೂ ಬರುವ ಆಸೆ ಒಂದೇ. ಇರುವ ಹಣವನ್ನೆಲ್ಲ ಸುರಿದು ಒಬ್ಬ ದೊಡ್ಡ ಆಟಗಾರನನ್ನು ತರೋಣ, ಉಳಿದವರು ಹೇಗೋ ನಡೆಯುತ್ತಾರೆ. ನನ್ನ ರೂಮ್‌ಮೇಟ್ ತಂದದ್ದು 33 ವರ್ಷದ ಒಬ್ಬ ಸೆಂಟರ್‌ನನ್ನು. ಮೊದಲ ನಾಲ್ಕು ಪಂದ್ಯ ಗೆದ್ದಳು, ಪಿ.ಜಿ.ಗೆಲ್ಲ ಗಿರ್ಮಿಟ್ ಕೊಡಿಸಿದಳು. ಐದನೇ ವಾರ ಲೆಕ್ಕ ನೋಡಿದರೆ, ಟಿಕೆಟ್‌ನಿಂದ ಬಂದದ್ದರಲ್ಲಿ ಬಹುಪಾಲು ಅವನೊಬ್ಬನ ಸಂಬಳಕ್ಕೇ ಹೋಗುತ್ತಿತ್ತು. ಸೀಸನ್ ಮುಗಿಯುವವರೆಗೆ ಸಂಬಳ ಇಳಿಯುವುದಿಲ್ಲ. ಮಾರೋಣವೆಂದರೆ ಅವನಿಗೆ ಇನ್ನಷ್ಟು ವಯಸ್ಸಾಗಲಿದೆ ಎಂಬುದು ಕೊಳ್ಳುವವರಿಗೂ ಗೊತ್ತು. ಕೊಟ್ಟದ್ದರ ಕಾಲುಭಾಗವೂ ಬರಲಿಲ್ಲ.

ಇದು ಕಂಪ್ಯೂಟರ್ ಆಟದ ಕಥೆ ಮಾತ್ರ ಅಂದುಕೊಳ್ಳಬೇಡಿ. 2013ರಲ್ಲಿ ಎನ್‌ಬಿಎಯ ಬ್ರೂಕ್ಲಿನ್ ನೆಟ್ಸ್ ತಂಡ ಇದನ್ನೇ ನಿಜವಾದ ಡಾಲರ್‌ಗಳಲ್ಲಿ ಮಾಡಿತು. ಬಾಸ್ಟನ್ ಸೆಲ್ಟಿಕ್ಸ್‌ನಿಂದ 37 ವರ್ಷದ ಕೆವಿನ್ ಗಾರ್ನೆಟ್, 35 ವರ್ಷದ ಪಾಲ್ ಪಿಯರ್ಸ್ ಇಬ್ಬರನ್ನೂ ತಂದುಕೊಂಡಿತು. ಬದಲಿಗೆ ಕೊಟ್ಟದ್ದೇನು? 2014, 2016, 2018ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳು, ಜೊತೆಗೆ 2017ರಲ್ಲಿ ಆಯ್ಕೆಯ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ಡ್ರಾಫ್ಟ್ ಎಂದರೆ ಎಳೆಯ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಅಂದರೆ ನೆಟ್ಸ್ ಮುಂದಿನ ಐದು ವರ್ಷದ ಬಿತ್ತನೆ ಬೀಜವನ್ನೇ ಮಾರಿಬಿಟ್ಟಿತ್ತು. ಪಿಯರ್ಸ್ ಒಂದೇ ಸೀಸನ್ ಆಡಿ ಹೊರಟ. ಗಾರ್ನೆಟ್ 2015ರ ಫೆಬ್ರವರಿಯಲ್ಲಿ ಬೇರೆ ತಂಡಕ್ಕೆ ಹೋದ. 2016-17ರಲ್ಲಿ ನೆಟ್ಸ್ 82 ಪಂದ್ಯಗಳಲ್ಲಿ ಗೆದ್ದದ್ದು 20. ಅಷ್ಟು ಕೆಟ್ಟದಾಗಿ ಆಡಿದ್ದಕ್ಕೆ ಸಿಗುವ ಒಳ್ಳೆಯ ಡ್ರಾಫ್ಟ್ ಸರದಿಯೂ ಬಾಸ್ಟನ್ ಪಾಲಾಯಿತು. ಆ ವ್ಯವಹಾರದ ಫಲವಾಗಿಯೇ ಬಾಸ್ಟನ್‌ಗೆ 2016ರಲ್ಲಿ ಜೇಲೆನ್ ಬ್ರೌನ್, 2017ರಲ್ಲಿ ಜೇಸನ್ ಟೇಟಮ್ ಸಿಕ್ಕಿದರು. 2024ರಲ್ಲಿ ಬಾಸ್ಟನ್ ಚಾಂಪಿಯನ್ ಆದಾಗ ತಂಡದ ಎರಡು ಕಂಬಗಳು ಅವರೇ.

ಹಾಗಾದರೆ ಹೊಸಬರು ಆ ಹಣದಲ್ಲಿ ಏನು ಮಾಡಬೇಕು? ಹದಿನೆಂಟು, ಹತ್ತೊಂಬತ್ತರ ಇಬ್ಬರು ಮೂವರು ಹುಡುಗರನ್ನು ಕೊಳ್ಳಬೇಕು. ಎಳೆಯರು ಬೇಗ ಕಲಿಯುತ್ತಾರೆ, ಸಂಬಳವೂ ಕಡಿಮೆ. ನನ್ನ ಇಡೀ ವಾದ ನಿಂತಿರುವುದು ಈ ತರಬೇತಿಯ ಲೆಕ್ಕದ ಮೇಲೆ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ವಾರಕ್ಕೆ ಒಂದೇ ಕೌಶಲ ಕಲಿಸಬಹುದು. ಅದೂ ಅಂಗಳದ ಒಂದು ಸ್ಥಾನಕ್ಕೋ ಎರಡು ಸ್ಥಾನಕ್ಕೋ ಸೇರಿ. ಆ ವಾರ ಆ ಸ್ಥಾನದಲ್ಲಿ 48 ನಿಮಿಷ, ಅಂದರೆ ಒಂದು ಇಡೀ ಪಂದ್ಯ ಆಡಿದವನಿಗೆ ಮಾತ್ರ ಪೂರ್ತಿ ಪಾಠ. ಬೆಂಚಿನ ಮೇಲೆ ಕೂತವನಿಗೆ ಏನೂ ಇಲ್ಲ. ವಾರಕ್ಕೆ ಮೂರು ಪಂದ್ಯ, ಹಾಗಾಗಿ ಒಂದು ಸ್ಥಾನದಲ್ಲಿ ಮೂವರಿಗೆ ಪಾಠ ಸಿಗುತ್ತದೆ, ಪಂದ್ಯಕ್ಕೊಬ್ಬನಂತೆ. ಎರಡು ಸ್ಥಾನಕ್ಕೆ ಹಂಚಿದರೆ ಆರು ಜನಕ್ಕೆ ಸಿಗುತ್ತದೆ, ಆದರೆ ಸಾರು ನೀರಾಗುತ್ತದೆ. ಮೂವರೇ ಸಾಕು ಎಂಬುದು ನನ್ನ ಮತ.

ಇಕ್ಕಟ್ಟು ಶುರುವಾಗುವುದು ಇಲ್ಲಿಂದ. ಪಾಠ ಸಿಗುವುದು ಹುಡುಗ ಯಾವ ಸ್ಥಾನದವನು ಎಂಬುದರ ಮೇಲಲ್ಲ, ಯಾವ ಸ್ಥಾನದಲ್ಲಿ ಆಡಿದ ಎಂಬುದರ ಮೇಲೆ. ನಿಮ್ಮ ಎತ್ತರದ ಸೆಂಟರ್ ಹುಡುಗನಿಗೆ ಚೆಂಡು ಹಿಡಿದು ನಡೆಸುವುದನ್ನು ಕಲಿಸಬೇಕೆಂದರೆ ಅವನನ್ನು ಗಾರ್ಡ್ ಸ್ಥಾನದಲ್ಲಿ ಇಡೀ ಪಂದ್ಯ ಆಡಿಸಬೇಕು. ಅವನು ಚೆಂಡು ಕಳೆದುಕೊಳ್ಳುತ್ತಾನೆ, ಎದುರಾಳಿಯ ಚುರುಕಿನ ಗಾರ್ಡ್ ಅವನ ಸುತ್ತ ಬುಗುರಿಯಂತೆ ತಿರುಗಿ ಬುಟ್ಟಿ ತುಂಬಿಸುತ್ತಾನೆ, ನೀವು ಇಪ್ಪತ್ತು ಪಾಯಿಂಟ್‌ಗಳಿಂದ ಸೋಲುತ್ತೀರಿ. ಈ ಶನಿವಾರದ ಪಂದ್ಯ ಬೇಕೋ, ಮೂರು ಸೀಸನ್ ಬಳಿಕದ ಆಟಗಾರ ಬೇಕೋ? ಎರಡೂ ಬೇಕೆನ್ನುವವರು ಲೀಗ್ ಪಂದ್ಯಗಳಲ್ಲಿ ಅನುಭವಿಗಳನ್ನು ಇಳಿಸಿ, ವಾರದ ಸ್ನೇಹಪಂದ್ಯವನ್ನು ಪಾಠಕ್ಕೆ ಮೀಸಲಿಡುತ್ತಾರೆ. ಆಗ ಒಬ್ಬ ಹುಡುಗ ಮಾತ್ರ ಕಲಿಯುತ್ತಾನೆ, ಉಳಿದಿಬ್ಬರು ಬೆಂಚಿನಲ್ಲೇ ಬಲಿಯುತ್ತಾರೆ. ನಾನು ಐದಡಿ ಒಂದಂಗುಲದವಳು. ಕಾಲೇಜು ತಂಡದಲ್ಲಿ ಎರಡು ವರ್ಷ ಜೆರ್ಸಿ ಹಾಕಿಕೊಂಡು ನೀರಿನ ಬಾಟಲಿ ಕಾದವಳು. ಬೆಂಚಿನ ಮೇಲೆ ಕೂತು ಯಾರೂ ಆಟ ಕಲಿಯುವುದಿಲ್ಲ ಎಂದು ಈ ಆಟ ಬರೆದವರಿಗೆ ಗೊತ್ತಿರುವುದು ಕಂಡು ನನಗೆ ಅವರ ಮೇಲೆ ಗೌರವ ಬಂತು.

ಕೊಳ್ಳುವಾಗ ನೋಡಬೇಕಾದ ಇನ್ನೆರಡು ಸಂಗತಿಗಳಿವೆ. ಕುಳ್ಳಗಿರುವವರು ಗಾರ್ಡ್ ಕೌಶಲಗಳನ್ನು ಬೇಗ ಕಲಿಯುತ್ತಾರೆ, ಎತ್ತರದವರು ಬುಟ್ಟಿಯ ಬಳಿಯ ಕೌಶಲಗಳನ್ನು. ಎರಡನೆಯದು ‘ಪೊಟೆನ್ಶಿಯಲ್’. ಒಬ್ಬ ಹುಡುಗ ಎಲ್ಲಿಯವರೆಗೆ ಬೆಳೆಯಬಲ್ಲ ಎಂಬುದನ್ನು ಈ ಆಟ ಮೊದಲೇ ಬರೆದು ತೋರಿಸುತ್ತದೆ. ತೀರಾ ಕೆಳಗಿನ ಮಟ್ಟದ ಹೆಸರು ‘ಅನೌನ್ಸರ್’. ಅಂದರೆ ಇವನು ಮೈಕ್ ಹಿಡಿಯಲು ಲಾಯಕ್ಕು ಎಂದು ಕುಹಕ. ಹೊಸಬರು ಕಣ್ಣುಮುಚ್ಚಿ ಅತಿ ಎತ್ತರದ ಪೊಟೆನ್ಶಿಯಲ್ ಇರುವವನನ್ನೇ ಕೊಳ್ಳಲು ಹೋಗುತ್ತಾರೆ. ಬೇಡ. ಆ ಶಿಖರ ಮುಟ್ಟಿಸಲು ಬೇಕಾಗುವಷ್ಟು ಸೀಸನ್‌ಗಳು ನಿಮ್ಮ ಬಳಿ ಇಲ್ಲ, ಆ ಹೆಸರಿಗೆ ಬೆಲೆ ಮಾತ್ರ ಇಂದೇ ಕೊಡಬೇಕು. ಮಧ್ಯಮ ಪೊಟೆನ್ಶಿಯಲ್ ಇದ್ದು, ಈಗಾಗಲೇ ನಾಲ್ಕೈದು ಕೌಶಲಗಳಲ್ಲಿ ಸಮನಾಗಿರುವ ಹುಡುಗ ಹೊಸ ತಂಡಕ್ಕೆ ಹೆಚ್ಚು ಆಗಿಬರುತ್ತಾನೆ. ನಿಜವಾದ ಬಾಸ್ಕೆಟ್‌ಬಾಲ್‌ನಲ್ಲಂತೂ ಆ ಪಟ್ಟಿಯನ್ನು ಯಾರೂ ಬರೆದು ತೋರಿಸುವುದಿಲ್ಲ. ನಿಕೋಲಾ ಯೋಕಿಚ್‌ನನ್ನು 2014ರ ಡ್ರಾಫ್ಟ್‌ನಲ್ಲಿ ನಲವತ್ತು ಸರದಿ ಮುಗಿದ ಮೇಲೆ, 41ನೆಯವನಾಗಿ ಆರಿಸಿದ್ದು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಟೇಡಿಯಂನಲ್ಲಿ ಮೊದಲು ಸಾಧಾರಣ ಸೀಟು ಹೆಚ್ಚಿಸಿ, ಶ್ರೀಮಂತರ ಬಾಕ್ಸ್ ಆಮೇಲೆ. ಎದುರಾಳಿಯ ಹಿಂದಿನ ಪಂದ್ಯಗಳ ಸ್ಕೋರ್‌ಶೀಟ್ ಎಲ್ಲರಿಗೂ ತೆರೆದಿರುತ್ತದೆ, ಐದು ನಿಮಿಷ ಅದನ್ನು ಓದಿ. ಸದಾ ಬುಟ್ಟಿಯ ಬಳಿಯೇ ನುಗ್ಗುವ ತಂಡವಾದರೆ ಟೂ-ತ್ರೀ ಝೋನ್ ಹಾಕಿ ನೋಡಬಹುದು. ಹರಾಜಿನಲ್ಲಿ ಭಾರತದಲ್ಲಿರುವ ನಮಗೊಂದು ಅನುಕೂಲವಿದೆ. ಆಡುವವರಲ್ಲಿ ತುಂಬ ಮಂದಿ ಯುರೋಪಿನವರು. ನಮ್ಮ ಬೆಳಗಿನ ಆರು ಗಂಟೆಗೆ ಮುಗಿಯುವ ಹರಾಜಿನ ಹೊತ್ತಿಗೆ ಅವರಿಗೆ ಗಾಢ ನಿದ್ದೆ. ಧಾರವಾಡದ ಕೋಚಿಂಗ್ ಹುಡುಗ ಹುಡುಗಿಯರು ಹೇಗೂ ಐದಕ್ಕೆ ಏಳುತ್ತೇವೆ. ನನ್ನ ಒಳ್ಳೆಯ ಇಬ್ಬರು ಗಾರ್ಡ್‌ಗಳು ಆ ಹೊತ್ತಿನಲ್ಲಿ ಸಿಕ್ಕವರು.

ಇನ್ನು, ಬೇಕಂತಲೇ ಸೋಲಬೇಡಿ ಎಂದೆನಲ್ಲ, ಅದು. ‘ಹೇಗೂ ಬೆಳೆಸುವುದೇ ಗುರಿ, ಗೆದ್ದರೇನು ಬಿಟ್ಟರೇನು’ ಎಂದು ಎಲ್ಲ ಪಂದ್ಯಗಳನ್ನೂ ಕೈಬಿಡುವವರಿದ್ದಾರೆ. ಇದಕ್ಕೂ ಎನ್‌ಬಿಎಯಲ್ಲಿ ಹಿರಿಯಣ್ಣನಿದ್ದಾನೆ. ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡ 2013ರಿಂದ ಒಳ್ಳೆಯ ಡ್ರಾಫ್ಟ್ ಸರದಿಗಾಗಿ ವರ್ಷಗಟ್ಟಲೆ ಸೋಲುತ್ತಾ ಹೋಯಿತು. 2015-16ರಲ್ಲಿ 10 ಗೆಲುವು, 72 ಸೋಲು. ಜೋಯೆಲ್ ಎಂಬೀಡ್‌ನಂಥ ಆಟಗಾರ ಸಿಕ್ಕಿದ್ದು ನಿಜ. ಮುಂದೆ ಪ್ಲೇಆಫ್‌ಗೆ ಹೋದದ್ದೂ ನಿಜ. ಕಪ್ ಮಾತ್ರ ಬರಲಿಲ್ಲ. ನಮ್ಮ ಪುಟ್ಟ ಆಟದಲ್ಲಿ ಇದರ ಪೆಟ್ಟು ಇನ್ನೂ ಬೇಗ ಬೀಳುತ್ತದೆ. ಸೋಲುವ ತಂಡವನ್ನು ನೋಡಲು ಜನ ಬರುವುದಿಲ್ಲ, ಟಿಕೆಟ್ ಹಣ ಇಳಿಯುತ್ತದೆ, ಕೊನೆಗೆ ಬೆಳೆಸುತ್ತಿದ್ದ ಹುಡುಗನನ್ನೇ ಮಾರಬೇಕಾಗುತ್ತದೆ. ಲೀಗಿನಲ್ಲಿ ಕೆಳಗಿಳಿಯದಷ್ಟು ಗೆಲ್ಲಿ. ಅಷ್ಟೇ. ಅದಕ್ಕೆ ಯಾರಿಗೂ ಬೇಡವಾದ, ಅಗ್ಗದ, 28-29ರ ಇಬ್ಬರು ಸಾಕು.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ನಾನು ಪದವಿ ಮುಗಿಸಿ ಮೂರನೇ ವರ್ಷ. ಅಧಿಸೂಚನೆ ಬರುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಬರೆದ ಮೇಲೆ ಕೀ ಉತ್ತರದ ತಕರಾರು, ಆಮೇಲೆ ಕೋರ್ಟು, ಆಮೇಲೆ ಮೌನ. ದಿನಕ್ಕೆ ಹತ್ತು ಗಂಟೆ ಓದಿದವಳಿಗೂ ತಾನು ಹೋದ ವರ್ಷಕ್ಕಿಂತ ಒಂದು ಗೆರೆ ಮುಂದೆ ಬಂದಿದ್ದೇನೆಯೇ ಎಂದು ಹೇಳುವವರು ಯಾರೂ ಇಲ್ಲ. ಈ ಆಟದಲ್ಲಿ ಶುಕ್ರವಾರ ಬಂತೆಂದರೆ ತರಬೇತಿಯ ಫಲಿತಾಂಶ ಬಂದೇ ಬರುತ್ತದೆ. ಮುಂದೂಡುವುದಿಲ್ಲ. ಇಲ್ಲಿ ಕೌಶಲಗಳನ್ನು ಅಂಕಿಗಳಲ್ಲಲ್ಲ, ಪದಗಳಲ್ಲಿ ಹೇಳುತ್ತಾರೆ. ‘ಅವೆರೇಜ್’ ಇದ್ದ ಹುಡುಗ ಒಂದು ಶುಕ್ರವಾರ ‘ರೆಸ್ಪೆಕ್ಟಬಲ್’ ಆಗುತ್ತಾನೆ. ನಲವತ್ತೆಂಟು ನಿಮಿಷ ಕೊಟ್ಟದ್ದಕ್ಕೆ ಲೆಕ್ಕ ಸಿಕ್ಕಿತು. ಇದನ್ನು ಕಾಲಹರಣ ಎನ್ನುವವರು ಎನ್ನಲಿ. ಸಂಜೆ ಚಹಾ ಅಂಗಡಿಯ ಮುಂದೆ ಒಂದೂವರೆ ಗಂಟೆ ನಿಂತು ‘ಈ ಸಲ ಕಟ್ ಆಫ್ ಎಷ್ಟು ನಿಲ್ಲಬಹುದು’ ಎಂದು ಗಾಳಿಗುದ್ದುವುದನ್ನು ಯಾರೂ ಕಾಲಹರಣ ಎನ್ನುವುದಿಲ್ಲ. ಅದಕ್ಕಿಂತ ನನ್ನ ಹದಿನೈದು ನಿಮಿಷ ಅಗ್ಗ.

ಇದನ್ನು ಕೆಲಸದ ಸಂದರ್ಶನದಲ್ಲಿ ‘ಮ್ಯಾನೇಜ್‌ಮೆಂಟ್ ಅನುಭವ’ ಎಂದು ಹೇಳಿಕೊಳ್ಳಿ ಎನ್ನುವ ಸಲಹೆಗಳೂ ಓಡಾಡುತ್ತಿವೆ. ದಯವಿಟ್ಟು ಬೇಡ. ಕೇಳುವವರು ನಗುತ್ತಾರೆ, ನಕ್ಕರೆ ತಪ್ಪೂ ಇಲ್ಲ.

ಕೊನೆಯದಾಗಿ, ಹೊಸಬರಿಗೆ ಯಾರೂ ಹೇಳದ ಕಷ್ಟ ಒಂದಿದೆ. ಬೆಳೆದ ಹುಡುಗನನ್ನು ಮಾರುವುದು. ಹೊಸ ಸೀಸನ್ ಶುರುವಾದಾಗ ಆಟಗಾರನ ಸಂಬಳ ಅವನ ಕೌಶಲಕ್ಕೆ ತಕ್ಕಂತೆ ಏರುತ್ತದೆ. ನೀವು ಚೆನ್ನಾಗಿ ಕಲಿಸಿದಷ್ಟೂ ಅವನು ನಿಮ್ಮ ಕೈಗೆ ನಿಲುಕದವನಾಗುತ್ತಾನೆ. ಕೆಳಗಿನ ಡಿವಿಷನ್‌ನ ತಂಡಕ್ಕೆ ಅವನ ಸಂಬಳ ತಾಳುವುದಿಲ್ಲ. ಹಾಗಾಗಿ ಸಂಬಳ ಏರುವ ಮೊದಲೇ ಹರಾಜಿಗಿಡಬೇಕು. ನಾನು ಹದಿನೆಂಟರಲ್ಲಿ ತಂದ ಗಾರ್ಡ್ ಒಬ್ಬನನ್ನು ಮೂರು ಸೀಸನ್ ಕಲಿಸಿ ಇಪ್ಪತ್ತೊಂದರಲ್ಲಿ ಮಾರಿದೆ. ಬಂದ ಹಣದಲ್ಲಿ ಸಾವಿರಾರು ಸೀಟು ಕಟ್ಟಿಸಿ, ಇನ್ನಿಬ್ಬರು ಹದಿನೆಂಟರ ಹುಡುಗರನ್ನು ತಂದೆ. ಅವರಲ್ಲಿ ಒಬ್ಬ ಆರಡಿ ಹನ್ನೊಂದಂಗುಲದವನು. ಅವನಿಗೆ ಚೆಂಡು ನಡೆಸುವುದನ್ನು ಕಲಿಸುತ್ತಿದ್ದೇನೆ, ಗಾರ್ಡ್ ಸ್ಥಾನದಲ್ಲಿ, ಲೀಗ್ ಪಂದ್ಯದಲ್ಲೇ. ಮೊನ್ನೆ ಹದಿನೆಂಟು ಪಾಯಿಂಟ್‌ಗಳಿಂದ ಸೋತೆವು.